ಕರಿಕಲ್ಲಿನ ಕೆಳಗಿನ ಕೆಂಪು ಮಣ್ಣು

ಆಗತಾನೇ ಒಡೆದ ಕರಿಕಲ್ಲಿಗೆ ಒಂದು ವಾಸನೆಯಿದೆ. ಬೆಂಕಿಕಡ್ಡಿ ಗೀರಿ ಆರಿಸಿದಾಗ ಬರುವಂಥದು. ಅದರೊಳಗೆ ಸ್ವಲ್ಪ ಕಬ್ಬಿಣ, ಸ್ವಲ್ಪ ತಣ್ಣನೆಯ ಧೂಳು ಬೆರೆತಿರುತ್ತದೆ. ಕಳೆದ ಬೇಸಿಗೆಯಲ್ಲಿ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೊರಟಿದ್ದ ನಮ್ಮ ಬಸ್ಸು ರಸ್ತೆ ಅಗಲ ಮಾಡುವ ಜಾಗದಲ್ಲಿ ಬಹಳ ಹೊತ್ತು ನಿಂತಿತು. ಜನರೆಲ್ಲ ಧೂಳಿಗೆ ಹೆದರಿ ಕಿಟಕಿಯ ಗಾಜು ಸರಿಸಿಕೊಂಡರು. ನಾನು ಮಾತ್ರ ತೆರೆದಿಟ್ಟುಕೊಂಡು ಕೂತೆ, ಆ ವಾಸನೆ ಎಷ್ಟು ಬರುತ್ತದೋ ಅಷ್ಟೂ ಬರಲಿ ಎಂದು. ಯಂತ್ರ ಗುಡ್ಡದ ಪಕ್ಕೆಯನ್ನು ಬೆಣ್ಣೆ ಕೊಯ್ದಂತೆ ನೇರವಾಗಿ ಕೊಯ್ದಿತ್ತು. ಮೇಲೆ ಕರಿಕಲ್ಲು, ಕೆಳಗೆ ಕರಿಕಲ್ಲು, ನಡುವೆ ಮೊಳದಗಲದ ಒಂದು ಕೆಂಪು ಪಟ್ಟಿ. ಈ ಸೀಮೆಯಲ್ಲಿ ಓಡಾಡಿದವರಾದರೆ ನೀವೂ ಅದನ್ನು ಎಲ್ಲೋ ಒಂದು ಕಡೆ ಕಂಡಿರುತ್ತೀರಿ, ಕಂಡು ಮರೆತಿರುತ್ತೀರಿ. ನನಗೆ ಮರೆಯಲು ಆಗಿಲ್ಲ. ಆ ಕೆಂಪು ಮಣ್ಣು ನಮ್ಮ ಮನೆಯೊಳಗೆ ಒಂದು ಬೇಸಿಗೆಯಲ್ಲಿ ಬಂದು, ಆರು ವರ್ಷ ಮುಚ್ಚಿದ್ದ ಒಂದು ಬಾಯನ್ನು ತೆರೆಸಿ ಹೋಯಿತು.

ನಮ್ಮೂರು ಚಿಕ್ಕೋಡಿಗೂ ರಾಯಬಾಗಕ್ಕೂ ನಡುವೆ, ಎತ್ತರದ ಜಾಗದಲ್ಲಿತ್ತು. ಕೃಷ್ಣೆಯ ದಂಡೆಯವರಿಗೆ ಸಿಕ್ಕ ನೀರು ನಮಗಿರಲಿಲ್ಲ. ಮನೆಯಲ್ಲಿ ಅಜ್ಜ, ನಾವು ಆಯಿ ಎನ್ನುತ್ತಿದ್ದ ಅಜ್ಜಿ, ಅಪ್ಪ, ಅವ್ವ, ಅಪ್ಪನ ತಂಗಿ ಕುಸುಮ ಅತ್ಯಾ, ಆಮೇಲೆ ಹತ್ತು ವರ್ಷದ ನಾನು. ಅಪ್ಪ ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು, ಅವ್ವ ದಿನವಿಡೀ ಹೊಲದಲ್ಲಿರುತ್ತಿದ್ದಳು. ಹಾಗಾಗಿ ನಾನು ಬೆಳೆದದ್ದು ಆಯಿಯ ಅಡುಗೆಮನೆಯಲ್ಲಿ, ಶೇಂಗಾ ಹುರಿದ ವಾಸನೆಯಲ್ಲಿ, ನೀರು ಸೋಸುವ ಬಿಳಿ ಬಟ್ಟೆಗಳು ಒಣಗುವ ಹಗ್ಗದ ಕೆಳಗೆ. ನಮ್ಮದು ಜೈನರ ಮನೆ. ಸೋಸದ ನೀರು ಒಲೆಯ ಹತ್ತಿರ ಬರುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಯಾರೂ ಊಟ ಮಾಡುತ್ತಿರಲಿಲ್ಲ. ಅಡುಗೆಮನೆಯ ನೆಲಕ್ಕೆ ಶಹಾಬಾದಿ ಫರಸಿಕಲ್ಲು ಹಾಸಿತ್ತು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕೆನ್ನೆಯಿಟ್ಟು ಮಲಗಿದರೆ ಮಡಕೆಯ ನೀರಿನಷ್ಟೇ ತಂಪು.

ಅತ್ಯಾಳನ್ನು ಶೇಡಬಾಳಕ್ಕೆ ಕೊಟ್ಟಿದ್ದರು. ಮದುವೆಯಾಗಿ ಮೂರನೆಯ ವರ್ಷ ಅವಳ ಗಂಡ ಜ್ವರದಲ್ಲಿ ತೀರಿಕೊಂಡ. ಇನ್ನು ಮುಂದೆಯೂ ಮಗಳು ನಿಮ್ಮ ಮನೆಯಲ್ಲೇ ಇರುತ್ತಾಳೆಂದು ಅಜ್ಜ ಅಲ್ಲಿಯ ಹಿರಿಯರಿಗೆ ಮಾತು ಕೊಟ್ಟು ಬಂದಿದ್ದ. ಅತ್ಯಾ ನಾಲ್ಕು ತಿಂಗಳಾದ ಮೇಲೆ ತನ್ನ ತಗಡಿನ ಪೆಟ್ಟಿಗೆ ತೆಗೆದುಕೊಂಡು ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಳು. ಬಾಗಿಲಲ್ಲಿ ನಿಂತು, "ನಾ ಸಾಲಿ ಕಲೀತೀನಿ, ಅಪ್ಪಾ" ಎಂದಳಂತೆ. ಅಜ್ಜ ಉತ್ತರ ಕೊಡಲಿಲ್ಲ. ಆಯಿ ಹಟ ಹಿಡಿದು ಅವಳನ್ನು ಓದಿಸಿದಳು, ಅವಳಿಗೆ ಚಿಕ್ಕೋಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಬಾಗಿಲಲ್ಲಿ ಅವತ್ತು ಕೊಡದ ಉತ್ತರವನ್ನು ಅಜ್ಜ ಮುಂದೆಯೂ ಕೊಡಲಿಲ್ಲ. ಆರು ವರ್ಷ ಅವಳ ಜೊತೆ ಮಾತಾಡಲಿಲ್ಲ, ಅವಳ ಹೆಸರನ್ನೂ ಹಿಡಿಯಲಿಲ್ಲ. ಹೇಳುವುದಿದ್ದರೆ ನನಗೆ ಹೇಳುತ್ತಿದ್ದ. "ಸುಮಿ, ನಿಮ್ಮ ಅತ್ಯಾಗ ಹೇಳು, ನಾಳಿ ಮುಂಜಾನಿ ಬಸ್ಸ ಬರೂದಿಲ್ಲಂತ." ಅತ್ಯಾ ಎರಡು ಮಾರು ದೂರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ನಾನು ತಿರುಗಿ ಬಾಯಿ ತೆರೆಯುವ ಮೊದಲೇ, "ತಿಳೀತು ಅಂತ ಹೇಳು" ಎನ್ನುತ್ತಿದ್ದಳು. ಹಾಗೆಂದು ಅಜ್ಜನಿಗೆ ಅವಳ ಮೇಲೆ ಮಮತೆ ಇರಲಿಲ್ಲವೆಂದು ಹೇಗೆ ಹೇಳಲಿ? ಸಂಜೆ ಅವಳ ಬಸ್ಸು ತಡವಾದ ದಿನ ಆಯಿ ಅವಳ ತಾಟು ಬಡಿಸಿಟ್ಟು ಬಾಗಿಲಲ್ಲಿ ನಿಂತು ಒಮ್ಮೆ ದಾರಿ, ಒಮ್ಮೆ ಸೂರ್ಯನನ್ನು ನೋಡುತ್ತಿದ್ದಳು. ಅಜ್ಜ ಮಾತ್ರ, "ಇವತ್ತ ನನಗ ಹಸಿವಿಲ್ಲ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬಸ್ಸು ಬರುವುದರೊಳಗೆ ಹೊತ್ತು ಮುಳುಗಿದರೆ ಇಬ್ಬರೂ ಉಪವಾಸ. ಅವಳು ಬಂದರೆ ಇಬ್ಬರೂ ಅಕ್ಕಪಕ್ಕದಲ್ಲೇ, ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದರು.

ಶಾಲೆಯಲ್ಲಿ ಅತ್ಯಾ ಕಲಿಸುತ್ತಿದ್ದುದು ಭೂಗೋಳ. ಕಲ್ಲೆಂದರೆ ಅವಳಿಗೆ ಜೀವ. ಒಂದು ಭಾನುವಾರ ರೊಟ್ಟಿ ಬಡಿಯುತ್ತ ಕೂತ ಆಯಿಯ ಎದುರು ನನಗೆ ಪಾಠ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರಿನ ಮೇಲೆ ಪದರಾಗಿ ಕೂತು, ಮೇಲಿನ ಭಾರಕ್ಕೆ ಗಟ್ಟಿಯಾಗಿ, ಈ ಫರಸಿಯಾಯಿತು. ಅಂಥದೇ ಸುಣ್ಣದ ಕಲ್ಲು ಇನ್ನೆಲ್ಲೋ ನೆಲದ ಆಳಕ್ಕೆ ಇಳಿದು, ಒತ್ತಡಕ್ಕೂ ಕಾವಿಗೂ ಸಿಕ್ಕಿ, ಕರಗದೆಯೇ ತನ್ನ ಹರಳುಗಳನ್ನು ಹೊಸದಾಗಿ ಕಟ್ಟಿಕೊಂಡಿತು. ಬಸದಿಯಲ್ಲಿ ನಾವು ಕಾಲಿಡುವ ಅಮೃತಶಿಲೆ ಅದು. "ಅಂದ್ರ ಎರಡೂ ಅಕ್ಕ ತಂಗಿ. ಒಬ್ಬಾಕಿ ಬೆಂಕಿ ಕಂಡಾಳ, ಒಬ್ಬಾಕಿ ಕಂಡಿಲ್ಲ ಅಷ್ಟ" ಎಂದಳು ಅತ್ಯಾ. ಆಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಬೆಂಕಿ ಕಂಡಾಕಿ ದೇವರ ಮುಂದ ಹೋಗಿ ಕುಂತ್ಲು, ಕಾಣದಾಕಿ ನನ್ನ ಒಲಿ ಮುಂದ ಬಂದ ಬಿದ್ಲು ಅನ್ನು" ಎಂದಳು. ಅತ್ಯಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೊರಗೆ ಕಟ್ಟೆಯ ಮೇಲೆ ಅಜ್ಜನ ಕೆಮ್ಮು ಕೇಳಿಸಿತು. ಅವನೂ ಕೇಳಿಸಿಕೊಳ್ಳುತ್ತಿದ್ದ.

ಆ ವರ್ಷ ಯುಗಾದಿ ಮುಗಿದ ಮೇಲೆ ಮೇಲಿನ ಹೊಲದಲ್ಲಿ ಬಾವಿ ತೋಡಿಸಲು ಅಜ್ಜ ನಿರ್ಧರಿಸಿದ. ರಾಯಬಾಗದ ಕಡೆಯಿಂದ ಹಣಮಂತಪ್ಪ ಎಂಬ ಮೇಸ್ತ್ರಿ ತನ್ನ ಜನರೊಂದಿಗೆ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡ. ಎತ್ತರದ ಆಳು, ಮೆಲುದನಿ. ಯಾವ ಕಲ್ಲನ್ನಾದರೂ ಹೊಡೆಯುವ ಮೊದಲು ಸುತ್ತಿಗೆಯಿಂದ ಮೂರು ಸಲ ಹಗುರವಾಗಿ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಶಾಲೆಗೆ ರಜೆ ಬಿದ್ದಿದ್ದರಿಂದ ನಾನು ದಿನವಿಡೀ ಅಲ್ಲೇ. ಅತ್ಯಾ ಮಾತ್ರ ಪರೀಕ್ಷೆಯ ಪೇಪರು ತಿದ್ದಲು ಇನ್ನೂ ದಿನಾ ಚಿಕ್ಕೋಡಿಗೆ ಹೋಗುತ್ತಿದ್ದಳು. ಮೊದಲು ಆಳೆತ್ತರದ ಎರೆಮಣ್ಣು ಬಂತು, ಅದರ ಕೆಳಗೆ ಪುಡಿಗಲ್ಲಿನ ಗರಸು, ಗರಸಿನೊಳಗೆ ತೇರಿನ ಗಾಲಿಯಷ್ಟು ದೊಡ್ಡ ದುಂಡು ಕಲ್ಲುಗಳು. ಅವುಗಳಲ್ಲಿ ಚಿಕ್ಕದೊಂದನ್ನು ಹಣಮಂತಪ್ಪ ನನ್ನ ಮುಂದೆ ಬರಿಗೈಯಲ್ಲಿ ಸುಲಿದ. ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಪದರಾಗಿ ಬಿಚ್ಚಿಕೊಂಡು, ಒಳಗೆ ಮುಷ್ಟಿಯಷ್ಟು ಕರಿಯ ಗಟ್ಟಿ ಗಡ್ಡೆ ಉಳಿಯಿತು. "ಹೊರಗಿಂದ ಮುಪ್ಪ ಆಗ್ಕೋತ ಬರ್ತೈತವ್ವಾ ಇದು. ಈ ಸಿಪ್ಪಿ ಉದುರಿ ಗರಸ ಆಗ್ತೈತಿ, ಗರಸ ಕೊಳತು ಎರಿ ಆಗ್ತೈತಿ. ನಿಮ್ಮ ಜ್ವಾಳಾ ಬೆಳಿಯೂದು ಇದರಾಗ" ಎಂದ. ಸಂಜೆ ಅದನ್ನು ಅತ್ಯಾಳಿಗೆ ಹೇಳಿದಾಗ ಅವಳು, "ನಾ ಪುಸ್ತಕದಾಗ ಎರಡ ಪಾನ ಓದಿ ತಿಳಕೊಂಡಿದ್ದನ್ನ ಅವ ಕೈಲೆ ಹೇಳ್ಯಾನ" ಎಂದಳು.

ಗರಸು ಮುಗಿದ ಮೇಲೆ ಅಖಂಡ ಕರಿಕಲ್ಲು. ಮೂರು ವಾರ ಉಳಿ, ಸುತ್ತಿಗೆ, ಮಧ್ಯಾಹ್ನಕ್ಕೊಮ್ಮೆ ಮದ್ದಿನ ಸಿಡಿತ. ನೀರು ನೋಡುವವನು ಐದಾಳಿನ ಆಳಕ್ಕೆ ನೀರೆಂದು ಹೇಳಿ ಹೋಗಿದ್ದ. ಐದೂ ಮುಗಿದು ಆರನೆಯದೂ ಮುಗಿಯುತ್ತ ಬಂದಿತ್ತು, ಹನಿ ನೀರಿಲ್ಲ. ಒಂದು ಶುಕ್ರವಾರ ಸಿಡಿತದ ಹೊಗೆ ತಿಳಿಯಾದಾಗ ಬಾವಿಯ ತಳ ಕೆಂಪಗಾಗಿತ್ತು. ಇಟ್ಟಿಗೆ ಪುಡಿ ಚೆಲ್ಲಿದಂತೆ. ಕೆಳಗಿದ್ದ ಆಳುಗಳು ಸಲಿಕೆ ಬಿಟ್ಟು ಮೇಲೆ ಬಂದರು. ನೆಲದ ನೆತ್ತರು ಕಂಡಿತೆಂದು ಒಬ್ಬ ಮುದುಕ ಕೈಮುಗಿದ. ಹಣಮಂತಪ್ಪ ಒಂದು ಹೆಂಟೆ ತಂದು ಅಜ್ಜನ ಮುಂದಿಟ್ಟು, "ಇಂಥಾದ್ದ ನಾ ಎರಡ ಬಾವ್ಯಾಗ ಕಂಡೇನ್ರಿ ಯಜಮಾನ್ರ. ಒಂದರಾಗ ಅದರ ಕೆಳಗ ನೀರ ಬಂತು, ಒಂದರಾಗ ಬರಲಿಲ್ಲ. ಸುಳ್ಳ ಹೇಳಾಂಗಿಲ್ಲ ನಾ" ಎಂದ. ಅಜ್ಜ ಆ ಹೆಂಟೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಕೊನೆಗೆ, "ಸಾಕು ಬಿಡು. ನಾಳಿಂದ ನಿಲ್ಲಸು" ಎಂದು ಹೆಂಟೆಯನ್ನು ಹಿಡಿದುಕೊಂಡೇ ಎದ್ದು ಮನೆಗೆ ಬಂದ. ಅವನ ಹೆಗಲು ಅವತ್ತು ಕುಸಿದಿತ್ತು.

ಬಸ್ಸಿಳಿದು ಬಂದ ಅತ್ಯಾ ಕಟ್ಟೆಯ ಮೇಲಿದ್ದ ಆ ಕೆಂಪು ಹೆಂಟೆಯನ್ನು ಕಂಡು ಕಾಲು ತೊಳೆಯುವುದನ್ನೂ ಮರೆತಳು. ಮುರಿದಳು, ಬೆರಳಲ್ಲಿ ಉಜ್ಜಿದಳು, ಮೂಗಿಗೆ ಹಿಡಿದಳು. "ಸುಮಿ, ಇದು ಕಲ್ಲಲ್ಲ. ಇದು ನೆಲ. ಇದರ ಮ್ಯಾಲ ಒಂದ ಕಾಲಕ್ಕ ಬಿಸಲ ಬಿದ್ದೈತಿ, ಮಳಿ ಬಿದ್ದೈತಿ" ಎಂದಳು. ನನಗೆ ತಿಳಿಯಲಿಲ್ಲ. ಆಗ ಅವಳು ಗಾಣದ ಮನೆಯ ನೆನಪು ಮಾಡಿಕೊಟ್ಟಳು. ಬೆಲ್ಲದ ಪಾಕವನ್ನು ಕೊಪ್ಪರಿಗೆಯಿಂದ ತೊಟ್ಟಿಗೆ ಸುರಿಯುವುದನ್ನು ನೋಡಿದ್ದೀಯಲ್ಲ. ಕುದಿಯುವ ಪಾಕ ಹರಡಿಕೊಂಡು ಮೇಲೆ ನೊರೆಗುಳ್ಳೆ ಎದ್ದು, ಆರಿದ ಮೇಲೆ ಆ ಗುಳ್ಳೆಗಳೇ ತೂತುಗಳಾಗಿ ನಿಲ್ಲುತ್ತವೆ. ಕೋಟ್ಯಂತರ ವರ್ಷದ ಹಿಂದೆ ಈ ನಮ್ಮ ಸೀಮೆಯ ನೆಲ ಸೀಳಿ, ಕರಗಿದ ಕಲ್ಲು ಹಾಗೆ ಹರಿದು ಬಂದು ಆರಿತು. ಆಮೇಲೆ ಸಾವಿರಾರು ವರ್ಷ ಸುಮ್ಮನಿತ್ತು. ಅದರ ಮೇಲ್ಮೈ ಮಳೆಗೆ ಬಿಸಿಲಿಗೆ ಸವೆದು ಮಣ್ಣಾಯಿತು. ಅದರ ಮೇಲೆ ಎರಡನೆಯ ಸಲ ಕರಗಿದ ಕಲ್ಲು ಬಂದು ಸುರಿಯಿತು, ಆ ಕಾವಿಗೆ ಕೆಳಗಿನ ಮಣ್ಣು ಇಟ್ಟಿಗೆಯಂತೆ ಬೆಂದಿತು. "ಹಿಂಗ ಎಷ್ಟ ಸಲ ಬಂತೋ. ನಾವು ನಿಂತಿದ್ದು ಎಲ್ಲಾಕಿಂತ ಮ್ಯಾಲಿನ ಪಾಕದ ಮ್ಯಾಲ. ಈ ಕೆಂಪ ಮಣ್ಣಿನ ಕೆಳಗ ಮೊದಲಿನ ಪಾಕದ ತೂತಿನ ಕಲ್ಲ ಇರ್ತೈತಿ. ನೀರ ಇದ್ರ ಆ ತೂತಿನ್ಯಾಗ ಇರ್ತೈತಿ."

ಅವಳು ನನಗೆ ಹೇಳುತ್ತಿದ್ದಳು. ಆದರೆ ದನಿ ಯಾವತ್ತಿಗಿಂತ ಎತ್ತರದಲ್ಲಿತ್ತು. ಒಳಗಿನಿಂದ ಅಜ್ಜ ಬಂದು ಕಂಬಕ್ಕೆ ಒರಗಿ ನಿಂತ. "ಸುಮಿ, ನಿಮ್ಮ ಅತ್ಯಾಗ ಕೇಳು. ಖಾತ್ರಿ ಐತೇನು ಅಂತ." ಅತ್ಯಾ ಕೈಯಲ್ಲಿನ ಮಣ್ಣು ನೋಡುತ್ತ, "ಖಾತ್ರಿ ಇಲ್ಲ ಅಂತ ಹೇಳು. ಐತವಾರ ಕೆಳಗ ಇಳದು ನೋಡಿ ಹೇಳ್ತೀನಿ" ಎಂದಳು. ಹೆಂಗಸರು, ಅದರಲ್ಲೂ ಗಂಡ ಸತ್ತವಳು, ತೋಡುವ ಬಾವಿಗೆ ಇಳಿಯುವುದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅಜ್ಜ ಬೇಡವೆನ್ನುತ್ತಾನೆಂದು ನಾನು ಕಾದೆ. ಅವನು ಏನೂ ಅನ್ನದೆ ಒಳಗೆ ಹೋದ. ಆರು ವರ್ಷದಲ್ಲಿ ಅವನು ಅವಳಿಗೆ ಕೇಳಿದ ಮೊದಲ ಪ್ರಶ್ನೆ ಅದು, ನನ್ನ ಮೂಲಕವೇ ಕೇಳಿದ್ದರೂ.

ಭಾನುವಾರ ಬೆಳಿಗ್ಗೆ ಇಳಿದೆವು. ನಾನು ಅತ್ತು ಹಟ ಮಾಡಿದ್ದರಿಂದ ನನ್ನನ್ನೂ ಕರೆದುಕೊಂಡರು. ಅರ್ಧದವರೆಗೆ ಕಲ್ಲಿನಲ್ಲೇ ಕಡಿದ ಮೆಟ್ಟಿಲು, ಅಲ್ಲಿಂದ ತಳಕ್ಕೆ ಮರದ ಏಣಿ. ಕೆಳಗೆ ಹೋದಂತೆ ಬಿಸಿಲು ಹಿಂದೆ ಉಳಿದು, ಚಳಿಗಾಲದ ಬೆಳಗಿನಂಥ ತಂಪು ಸುತ್ತಿಕೊಂಡಿತು. ತಲೆಯೆತ್ತಿದರೆ ಆಕಾಶ ಒಂದು ತಾಟಿನಷ್ಟು. ಅದರ ಅಂಚಿನಲ್ಲಿ ಅಜ್ಜನ ರುಮಾಲು. ಅತ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿ ಕೂತು ಆ ಪದರನ್ನು ಮುಟ್ಟಿ ಮುಟ್ಟಿ ನೋಡಿದಳು. ಕರಿಕಲ್ಲಿಗೆ ತಾಗಿದ ಕಡೆ ಅದು ಸುಟ್ಟ ಹೆಂಚಿನಷ್ಟು ಗಟ್ಟಿ. ಕೆಳಕ್ಕೆ ಹೋದಂತೆ ಮೆತ್ತಗೆ. ಹಣಮಂತಪ್ಪ ಹಾರೆ ಹಾಕಿ ಮೊಳದಷ್ಟು ಕೆಳಗೆ ಕೆದಕಿದ. ಕಲ್ಲಿಗೆ ತಾಗಿದ ಸದ್ದು. ಒಂದು ಚೂರು ಎಬ್ಬಿಸಿ ಅತ್ಯಾಳ ಕೈಗೆ ಕೊಟ್ಟ. ಜೇನಿನ ಹುಟ್ಟಿನಂತೆ ತೂತು ತೂತು. ಕೆಲವು ತೂತುಗಳೊಳಗೆ ಸಕ್ಕರೆಯಂಥ ಬಿಳಿ ಹರಳುಗಳು ಗುಂಪಾಗಿ ಕೂತು ಆ ಮಬ್ಬಿನಲ್ಲೂ ಹೊಳೆಯುತ್ತಿದ್ದವು. "ನೀರ ತಂದ ಇಟ್ಟ ಹರಳ ಇವು. ಒಂದೊಂದ ಹನಿ ಬಂದ, ಬಿಟ್ಟ ಹೋಗೈತಿ" ಎಂದು ಅತ್ಯಾ ಪಿಸುಗುಟ್ಟಿದಳು. ಕೆದಕಿದ ಗುಂಡಿಯ ಅಂಚು ಬೆವರಿದಂತೆ ಒದ್ದೆಯಾಗುತ್ತಿತ್ತು. ನಾನು ಬೆರಳಿಟ್ಟೆ. ಬೆರಳು ತೋಯಿತು.

ಅತ್ಯಾಳ ಮುಖ ಅವತ್ತು ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಅಷ್ಟರಲ್ಲಿ ಹಣಮಂತಪ್ಪ ಹಿಂದಿನ ಗೋಡೆಗೆ ಸುತ್ತಿಗೆಯಿಂದ ತಟ್ಟಿದ. ಇನ್ನೊಮ್ಮೆ ತಟ್ಟಿದ. ಕಣಕಣ ಎನ್ನಬೇಕಾದ ಕರಿಕಲ್ಲು ಬೊದ್ ಎಂದಿತು. ಅದರ ಬುಡದ ಕೆಂಪು ಮಣ್ಣು ಪಸೆಗೆ ಮೆತ್ತಗಾಗಿ, ಹಿಟ್ಟು ಸೋರಿದಂತೆ ಸೋರತೊಡಗಿತ್ತು. ಆ ಮಣ್ಣಿನ ಮೇಲೆ ನಿಂತಿದ್ದದ್ದು ಎತ್ತಿನ ಬಂಡಿಯಷ್ಟು ದೊಡ್ಡ ಬಂಡೆ. ಅವನು ದನಿ ಏರಿಸಲಿಲ್ಲ. "ಅಕ್ಕಾರ, ಕೂಸಿನ್ನ ಮುಂದ ಹತ್ತಸರಿ. ಅದರ ಹಿಂದ ನೀವ ಹತ್ರಿ. ಓಡಬ್ಯಾಡ್ರಿ" ಎಂದು ನನ್ನನ್ನು ಸೊಂಟ ಹಿಡಿದು ಏಣಿಯ ನಾಲ್ಕನೆಯ ಮೆಟ್ಟಿಲ ಮೇಲೆ ನಿಲ್ಲಿಸಿಬಿಟ್ಟ. ನಾನು ಹತ್ತಿದೆ. ಹಿಂದೆ ಅತ್ಯಾ, ಅವಳ ಹಿಂದೆ ಅವನು. ಮೇಲಿನಿಂದ ಅಜ್ಜನಿಗೆ ಧೂಳು ಏಳುವುದು ಕಂಡಿರಬೇಕು. ಬಾವಿ ತುಂಬ ಅವನ ದನಿ ಕೇಳಿಸಿತು. "ಕುಸುಮಾ, ಮ್ಯಾಲ ಬಾ. ಕುಸುಮಾ, ಬಾ ನನ್ನವ್ವ."

ನಾನು ಕಲ್ಲಿನ ಮೆಟ್ಟಿಲು ಮುಟ್ಟಿದ್ದೆ, ಅತ್ಯಾ ನನ್ನ ಬೆನ್ನಿಗೆ ಬಂದು ತಾಗಿದ್ದಳು. ಆಗ ಬಂಡೆ ಬಿತ್ತು. ಆ ಸದ್ದು ಕಿವಿಗಿಂತ ಎದೆಗೆ ಹೆಚ್ಚು ಕೇಳಿಸಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಹಣಮಂತಪ್ಪ ಬಲಗೈ ಒಂದರಲ್ಲೇ ಏಣಿ ಹಿಡಿದು ಮೇಲೆ ಬಂದ, ಎಡಗೈ ರಕ್ತವಾಗಿತ್ತು. ಸಿಡಿದ ಕಲ್ಲಿಗೂ ಏಣಿಗೂ ನಡುವೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿದ್ದವು. ಅಜ್ಜ ತನ್ನ ರುಮಾಲು ಬಿಚ್ಚಿ ಆ ಕೈಗೆ ಸುತ್ತಿದ. ಊರಿನ ಟೆಂಪೋದಲ್ಲಿ ಅವನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಮೂರು ದಿನ ಅವನ ಹಾಸಿಗೆಯ ಪಕ್ಕದ ನೆಲದ ಮೇಲೆ ತಾನೇ ಮಲಗಿದ. ಬೆರಳುಗಳು ಉಳಿಯಲಿಲ್ಲ.

ನಾಲ್ಕನೆಯ ದಿನ ಅಜ್ಜ ಮನೆಗೆ ಬಂದಾಗ ಅತ್ಯಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ನನ್ನ ಕಡೆ ನೋಡಲಿಲ್ಲ. ನೇರ ಅವಳ ಮುಂದೆ ಹೋಗಿ ನಿಂತು, "ಹಣಮಂತಪ್ಪ ಕೇಳಾಕತ್ತಾನ, ಆ ಕೆಂಪ ಮಣ್ಣಿಗಿ ಗ್ವಾಡಿ ಕಟ್ಟಿ ಹಿಡದ್ರ ನಿಂದರತೈತೇನು ಅಂತ" ಎಂದ. ಅತ್ಯಾ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು, "ನಿಂದರತೈತಿ, ಅಪ್ಪಾ" ಎಂದಳು. ಅಷ್ಟೇ. ಒಳಗೆ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯೆಂದು ನನಗೆ ಹೇಳಿದಳು. ಒಲೆ ಹೊತ್ತಿಸಿರಲಿಲ್ಲ.

ಕರಿಕಲ್ಲನ್ನೇ ಕಡಿದು ಆ ಮಣ್ಣಿನ ಸುತ್ತ ಗೋಡೆ ಕಟ್ಟಿದರು. ಹಣಮಂತಪ್ಪ ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ತೂಗಿಕೊಂಡು ಮೇಲೆ ಕೂತೇ ಕೆಲಸ ಮಾಡಿಸಿದ. ತೂತಿನ ಕಲ್ಲಿನಲ್ಲಿ ಆಳುದ್ದ ಇಳಿಯುವುದರೊಳಗೆ ಮೂರು ಕಡೆಯಿಂದ ನೀರು ಬಂತು. ಆಯಿ ಬಿಳಿ ಬಟ್ಟೆಯಲ್ಲಿ ಸೋಸಿದ ಮೊದಲ ತಂಬಿಗೆಯನ್ನು ಅಜ್ಜ ಹಣಮಂತಪ್ಪನ ಕೈಗೆ ಕೊಟ್ಟ, ಎರಡನೆಯದನ್ನು ಅತ್ಯಾಳಿಗೆ. ಆಮೇಲೆ ಸಂಜೆಗಳೇ ಬದಲಾದವು. ಆರು ವರ್ಷದ ಮಾತನ್ನೆಲ್ಲ ಅಜ್ಜ ಕಲ್ಲಿನ ಮೇಲೆ ಹಾಕಿ ಆಡಿದನೆಂದು ನನಗೀಗ ಅನ್ನಿಸುತ್ತದೆ. "ಹಂಗಾದ್ರ ನಮ್ಮ ಹೊಲ ಎಲ್ಲಾ ಒಂದ ಕಾಲಕ್ಕ ಬೆಂಕಿನ ಏನು? ಮತ್ತ ಈ ಮಣ್ಣ ಹೊಳ್ಯಾಗ ಹರದು ಹೋಗಿ ಸಮುದ್ರದಾಗ ಕುಂತು ಮತ್ತ ಕಲ್ಲ ಆಗೂದೇನು?" ಎಂದು ಕೇಳುತ್ತಿದ್ದ. ಹೌದೆಂದು ಅತ್ಯಾ ಹೇಳಿದರೆ ತಲೆದೂಗಿ, "ಲೋಕಕ್ಕ ಆದಿ ಇಲ್ಲ ಅಂತ್ಯ ಇಲ್ಲ ಅಂತ ಮುನಿಗಳು ಹೇಳೂದು ಇದನ್ನ ಇರಬೇಕು" ಎನ್ನುತ್ತಿದ್ದ. ಹದಿನಾಲ್ಕು ವರ್ಷ ಅವರಿಬ್ಬರೂ ಹಾಗೆ ಮಾತಾಡಿದರು. ನಡುವೆ ನನ್ನ ಅಗತ್ಯ ಅವರಿಗೆ ಮತ್ತೆಂದೂ ಬೀಳಲಿಲ್ಲ.

ಅತ್ಯಾ ತನ್ನ ಕೊನೆಯ ಎರಡು ವರ್ಷ ನಿಪ್ಪಾಣಿಯಲ್ಲಿ ನನ್ನ ಹತ್ತಿರವೇ ಇದ್ದಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ತಾನಾಗಿಯೇ ಹೇಳಿದಳು. "ಸುಮಿ, ಅವತ್ತ ಏಣಿ ಮ್ಯಾಲ ನಾ ನಿಂತಿದ್ನಿ. ಅಪ್ಪನ ಬಾಯಾಗ ನನ್ನ ಹೆಸರ ಕೇಳಿ ಆರ ವರ್ಷ ಆಗಿತ್ತ. ಕಾಲ ಮುಂದ ಹೋಗಲಿಲ್ಲ. ಎರಡ ಉಸರಿನ ಹೊತ್ತ ನಿಂತೆ. ನನ್ನ ಕೆಳಗ ಹಣಮಂತಪ್ಪ ಇದ್ದ. ನಾ ನಿಲ್ಲದ ಇದ್ರ ಅವನ ಬೆರಳ ಉಳೀತಿದ್ದು." ಹಣಮಂತಪ್ಪನಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. ಬಾವಿ ಮುಗಿದ ದಿನವೇ ಅವನ ಗುಡಿಸಲಿಗೆ ಹೋಗಿ ಹೇಳಿದ್ದಳಂತೆ. ಅವನು ಪಟ್ಟಿ ಕಟ್ಟಿದ ಕೈ ನೋಡಿಕೊಂಡು, "ನಾನೂ ಕೇಳಿದ್ನ್ರಿ ಅಕ್ಕಾರ ಆ ದನಿ. ಅದಕ ನಿಮಗ ನಡೀರಿ ಅನ್ನಲಿಲ್ಲ" ಎಂದನಂತೆ.

ಅತ್ಯಾ ಹೋಗಿ ಮೂರು ಮಳೆಗಾಲ ಕಳೆದವು. ಅಜ್ಜ, ಆಯಿ, ಹಣಮಂತಪ್ಪ ಅವಳಿಗಿಂತ ಎಷ್ಟೋ ಮುಂಚೆ ಹೋದರು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಬೇರೆಯವರ ಎರಡಂತಸ್ತಿನ ಮನೆಯಿದೆ, ಆ ಹೊಲಕ್ಕೆ ಹೊಳೆಯ ನೀರು ಕೊಳವೆಯಲ್ಲಿ ಬಂದಿದೆ. ನನಗೆ ಮಕ್ಕಳಾದರು, ಮೊಮ್ಮಗಳಿದ್ದಾಳೆ, ಬೆಳಿಗ್ಗೆ ಎದ್ದರೆ ಬಿಸಿಲು ಕಾಣುತ್ತದೆ. ಆ ಏಣಿಯ ಮೇಲೆ ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು ಎಂಬುದನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ.